ಗೋಡೆಯೊಳಗಿನ ಲವೀನಿಯಾ

"ನೋಡ್ತಾ ಇರು ಗ್ಲೆನಿಸ್, ಈ ತಿಂಗಳು ಮುಗಿಯೋದ್ರೊಳಗೆ ನಮ್ಮ ಬಾಗಿಲ ಪಕ್ಕ ನೀಲಿ ಫಲಕ ಹಾಕಿಸ್ತೀನಿ. ಹಾಕಿಸದೆ ಇದ್ರೆ ನನ್ನ ಹೆಸರು ಬರ್ನಾರ್ಡ್ ಹೆಪ್‌ವರ್ತ್ ಅಲ್ಲ!"

ಗ್ಲೆನಿಸ್ ಟೋಸ್ಟಿಗೆ ಬೆಣ್ಣೆ ಸವರುತ್ತ ಗಂಡನ ಮುಖವನ್ನೂ ನೋಡದೆ, "ಬೇರೆ ಹೆಸರು ಈಗ್ಲೇ ಯೋಚಿಸಿಟ್ಕೋ" ಎಂದಳು.

ಲೀಡ್ಸ್ ನಗರದ ಅಂಚಿನ ಕ್ರಾಸ್‌ಬೆಕ್ ಬಡಾವಣೆಯಲ್ಲಿ ನೀಲಿ ಫಲಕವೆಂದರೆ ಸಾಮಾನ್ಯ ಸಂಗತಿಯಲ್ಲ. 'ಇಂಥವರು ಇಲ್ಲಿ ಬಾಳಿದ್ದರು' ಎಂದು ಗೋಡೆಗೊಂದು ದುಂಡನೆಯ ತಟ್ಟೆ ಬಿತ್ತೆಂದರೆ, ಆ ಮನೆಯ ಯಜಮಾನ ಹಾಲು ತರಲು ಹೋಗುವಾಗಲೂ ಎದೆಯುಬ್ಬಿಸಿ ನಡೆಯುತ್ತಾನೆ. ಬರ್ನಾರ್ಡ್ ಅಲ್ಲಿನ ಇತಿಹಾಸ ಸಂಘದ ಕಾರ್ಯದರ್ಶಿ. ಒಂಬತ್ತು ವರ್ಷಗಳಿಂದ ಅವನ ಕೆಲಸವೆಂದರೆ ಬೇರೆಯವರ ಮನೆಗೆ ಫಲಕ ಹೊಡೆಯುವಾಗ ಕೆಳಗೆ ನಿಂತು ಏಣಿ ಹಿಡಿದುಕೊಳ್ಳುವುದು. ಎದುರು ಮನೆಯಲ್ಲಿ ಯಾವುದೋ ಕಾಲದ ಕವಿಯೊಬ್ಬ ನೆಗಡಿಯಾಗಿ ಎರಡು ವಾರ ಮಲಗಿದ್ದನಂತೆ. ಅದಕ್ಕೂ ಫಲಕ! ಅವತ್ತು ಏಣಿ ಹಿಡಿದಿದ್ದ ಬರ್ನಾರ್ಡನ ಹೊಟ್ಟೆ ಉರಿದದ್ದಕ್ಕೆ ಲೆಕ್ಕವಿಲ್ಲ.

ಅವನ ಮನೆಯ ಇತಿಹಾಸವೋ, ಹೇಳಿಕೊಳ್ಳುವಂಥದ್ದಲ್ಲ. ಸಾವಿರದ ಒಂಬೈನೂರ ನಾಲ್ಕರಲ್ಲಿ ಕಟ್ಟಿದ್ದು. ಮೊದಲು ಒಬ್ಬ ಗುಮಾಸ್ತನಿದ್ದ. ಆಮೇಲೆ ಅವನ ಮಗನಿದ್ದ. ಅವನೂ ಗುಮಾಸ್ತನೇ. ಯಾರೂ ಕಾದಂಬರಿ ಬರೆದಿರಲಿಲ್ಲ, ಯಾರೂ ಯಾರನ್ನೂ ಕೊಂದಿರಲಿಲ್ಲ. ಸಂಘದ ಅಧ್ಯಕ್ಷೆ ಮಿಸೆಸ್ ಫಾಸಿಟ್ ಅವನ ಅರ್ಜಿಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದು, "ನಿಮ್ಮ ಮನೇಲಿ ಏನೂ ನಡೆದೇ ಇಲ್ವಲ್ರೀ ಬರ್ನಾರ್ಡ್!" ಎಂದು ಮರುಗಿದ್ದರು. "ಕೊನೇ ಶನಿವಾರ ಹಳೇ ಮನೆಗಳನ್ನ ಜನಕ್ಕೆ ತೆರೆದು ತೋರಿಸ್ತೀವಲ್ಲ, ಅಷ್ಟರೊಳಗೆ ಏನಾದ್ರೂ ಸಿಕ್ಕಿದ್ರೆ ನಾನೇ ಬಂದು ನೋಡ್ತೀನಿ. ಇಲ್ಲದಿದ್ರೆ ಇನ್ನು ಅರ್ಜಿ ಹಾಕಬೇಡಿ."

ಹೀಗೆ ಒಂದು ಸೋಮವಾರ, ಮಧ್ಯಾಹ್ನ ಸರಿಯಾಗಿ ನಾಲ್ಕು ಗಂಟೆಗೆ, ನಮ್ಮ ಸಂಶೋಧಕರು ಮುಂದಿನ ಕೋಣೆಯ ಅಗ್ಗಿಷ್ಟಿಕೆಯ ಮುಂದೆ ಮಂಡಿಯೂರಿದರು. ನಲವತ್ತು ವರ್ಷಗಳಿಂದ ಬೆಂಕಿ ಕಾಣದ ಗೂಡು ಅದು. ಹಿಂದೆ ಗುಪ್ತ ಕೋಣೆಯಿರಬಹುದೆಂಬ ಆಸೆಯಿಂದ ಬರ್ನಾರ್ಡ್ ಕೆಂಡ ಕೆದಕುವ ಕಬ್ಬಿಣದ ಸಲಾಕೆಯಲ್ಲಿ ಗೂಡಿನ ಹಿಂಗೋಡೆಗೆ ಮೂರು ಸಲ ಬಡಿದ. ಟಕ್, ಟಕ್, ಟಕ್.

ಹೊರಗೆ ಜಿನುಗುಮಳೆ. ಒಳಗೆ ಗಡಿಯಾರದ ಸದ್ದು ಬಿಟ್ಟರೆ ಬೇರೇನಿಲ್ಲ. ಹೊಗೆಗೂಡಿನಿಂದ ಒಂದು ಹಿಡಿ ಮಸಿ ತಾನಾಗಿ ಉದುರಿತು. ಆಮೇಲೆ ಆ ಕಲ್ಲಿನ ಹೊಟ್ಟೆಯೊಳಗಿಂದ, ಬಹಳ ದೂರದಿಂದ ಬಂದಂತೆ, ಉತ್ತರ ಬಂತು.

ಟಕ್... ಟಕ್.

ಸೋಫಾದ ಮೇಲೆ ಮಲಗಿದ್ದ ಬೆಕ್ಕು ಬಾಲ ದಪ್ಪಗೆ ಮಾಡಿಕೊಂಡು ಓಡಿತು. ಬರ್ನಾರ್ಡನೂ ಓಡಬೇಕೆಂದಿದ್ದ. ಆದರೆ ಮಂಡಿ ಹಿಡಿದುಕೊಂಡಿತ್ತು.

"ಪಕ್ಕದ ಮನೆ ಮಿಸ್ ಆಕ್ರಾಯ್ಡ್ ಇರ್ಬೇಕು ಕಣೋ" ಎಂದಳು ಗ್ಲೆನಿಸ್. ಎರಡೂ ಪಕ್ಕಕ್ಕೆ ಪಕ್ಕ ಅಂಟಿಕೊಂಡ ಜೋಡಿಮನೆಗಳು. ನಡುವೆ ಇರುವುದು ಒಂದೇ ಗೋಡೆ.

"ಅವರು ಊರಲ್ಲೇ ಇಲ್ಲ! ಶುಕ್ರವಾರ ಪೆಟ್ಟಿಗೆ ಹಿಡ್ಕೊಂಡು ಟ್ಯಾಕ್ಸಿ ಹತ್ತಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ. ಪರದೆ ಮುಚ್ಚಿದೆ. ಕಸದ ಡಬ್ಬ ಕೂಡ ಹೊರಗೆ ಬಂದಿಲ್ಲ."

"ಒಂದು ಸಲ ಬೆಲ್ ಒತ್ತಿ ನೋಡು, ಮುಗೀತು."

ಬರ್ನಾರ್ಡ್ ಹೌಹಾರಿದ. "ಬೆಲ್ಲಾ? ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ಒತ್ತಿಲ್ಲ. ಈಗ ಒತ್ತಿ ಏನಂತ ಹೇಳ್ಲಿ?"

ಕ್ರಾಸ್‌ಬೆಕ್‌ನಲ್ಲಿ ಕಾರಣವಿಲ್ಲದೆ ಪಕ್ಕದ ಮನೆಯ ಬೆಲ್ ಒತ್ತುವುದೆಂದರೆ ಪೈಜಾಮದಲ್ಲಿ ಚರ್ಚಿಗೆ ಹೋದ ಹಾಗೆ. ಬೇಲಿಯಾಚೆ ಕಂಡರೆ "ಚಳಿ ಶುರುವಾಯ್ತು" ಎನ್ನಬಹುದು, ಅಷ್ಟೇ. ಗ್ಲೆನಿಸ್ ತಾನೇ ಹೋಗಿ ಒತ್ತಿದಳೇ? ಅವಳೂ ಅದೇ ಊರಿನವಳು. ಒತ್ತಲಿಲ್ಲ. ಅದಕ್ಕಿಂತ ಪ್ರೇತವನ್ನು ನಂಬುವುದೇ ಇಬ್ಬರಿಗೂ ಸಲೀಸಾಗಿತ್ತು!

ಮಂಗಳವಾರ ಅದೇ ನಾಲ್ಕು ಗಂಟೆಗೆ ಬರ್ನಾರ್ಡ್ ಪುಸ್ತಕ, ಪೆನ್ನು, ಮೇಣದ ಬತ್ತಿ ಸಮೇತ ಕುಳಿತ. "ನೀವು ಹೆಂಗಸೇ?" ಎಂದು ಕೇಳಿ ಮೂರು ಸಲ ಬಡಿದ; ಮುಂದೆ ಪ್ರತಿ ಪ್ರಶ್ನೆಗೂ ಹಾಗೇ ಮೂರು. ಟಕ್, ಟಕ್. ಎರಡು ಎಂದರೆ ಹೌದು ಎಂದು ತೀರ್ಮಾನವಾಯಿತು. "ನಿಮ್ಮನ್ನ ಕೊಂದ್ರಾ?" ಟಕ್, ಟಕ್. "ವಿಷ ಹಾಕಿ?" ಟಕ್, ಟಕ್. "ಗಂಡನೇ?" ಟಕ್, ಟಕ್! ಬುಧವಾರದ ಹೊತ್ತಿಗೆ ಅವಳಿಗೆ ಲವೀನಿಯಾ ಎಂಬ ಹೆಸರು, ಜರಿಯಂಚಿನ ಗೌನು, ಶ್ರೀಮಂತ ತಂದೆ, ಕುಡುಕ ಗಂಡ ಎಲ್ಲವೂ ಒದಗಿದವು. ಹೆಸರಿಗೂ ಎರಡೇ ಸದ್ದು ಬಂದಿತ್ತು. ಗುಮಾಸ್ತರಿಬ್ಬರೂ ಇತಿಹಾಸದಿಂದ ನಾಪತ್ತೆಯಾದರು.

"ನೀನು ಮೇಕೆನಾ ಅಂತ ಕೇಳು" ಎಂದಳು ಗ್ಲೆನಿಸ್. "ಅದಕ್ಕೂ ಹೌದು ಅಂತಾಳೆ."

"ಸತ್ತವರ ಹತ್ರ ಹಾಗೆಲ್ಲ ಮಾತಾಡಬಾರದು ಕಣೇ!"

ಗುರುವಾರ ಅವಳ ನಗು ಉಡುಗಿತು. ಬರ್ನಾರ್ಡ್ ಶನಿವಾರಕ್ಕೆಂದು ಲವೀನಿಯಾಳ ಕರಪತ್ರ ಅಚ್ಚು ಹಾಕಿಸಲು ಹೋದವನು ತಡಮಾಡಿದ. ನಾಲ್ಕು ಹೊಡೆಯಿತು. ಗ್ಲೆನಿಸ್ ಒಬ್ಬಳೇ ಬಟ್ಟೆ ಮಡಚುತ್ತಿದ್ದಳು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಯಾರೂ ಏನೂ ಕೇಳದೆ, ಯಾರೂ ಸಲಾಕೆ ಮುಟ್ಟದೆ, ಗೋಡೆ ತಾನಾಗಿ ಬಡಿಯಿತು. ಟಕ್. ಟಕ್. ಟಕ್. ಸ್ವಲ್ಪ ತಡೆದು ಇನ್ನೊಮ್ಮೆ ಮೂರು. ಯಾರೋ ಇವರ ದಾರಿ ಕಾಯುತ್ತಿರುವ ಹಾಗೆ. ಬರ್ನಾರ್ಡ್ ಬಂದಾಗ ಹೆಂಡತಿ ಕೈಯಲ್ಲಿ ಅವನದೇ ಬನಿಯನ್ ಹಿಡಿದುಕೊಂಡು ಗೇಟಿನ ಹೊರಗೆ ಮಳೆಯಲ್ಲಿ ನಿಂತಿದ್ದಳು.

"ಅದು ನಮ್ಮನ್ನ ಕರೀತು ಕಣೋ. ಶನಿವಾರ ಮುಗಿದ ಮೇಲೆ ಪಾದ್ರಿಯವರನ್ನ ಕರೆಸು, ಇಲ್ಲಾಂದ್ರೆ ನಾನು ಅಕ್ಕನ ಮನೆಗೆ ಹೋಗ್ತೀನಿ."

ಬರ್ನಾರ್ಡನಿಗೂ ಭಯವಾಗಿತ್ತು, ಸುಳ್ಳೇಕೆ? ಕರಪತ್ರ ಅಚ್ಚಾಗಿತ್ತಲ್ಲ, ಅದನ್ನು ನೋಡಿದಾಗ ಭಯಕ್ಕಿಂತ ಹೆಮ್ಮೆ ಒಂದು ಗುಲಗಂಜಿ ತೂಕ ಹೆಚ್ಚಾಯಿತು.

ಶನಿವಾರ ಬಂತು. ಕರಪತ್ರದ ಮಹಿಮೆ, ಇಪ್ಪತ್ತೆರಡು ಜನ ಮುಂದಿನ ಕೋಣೆಯಲ್ಲಿ ಕೊಡೆ ಸಮೇತ ಒತ್ತಿಕೊಂಡು ನಿಂತರು. ಮಿಸೆಸ್ ಫಾಸಿಟ್‌ಗೆ ಮಾತ್ರ ಕುರ್ಚಿ. ಪರದೆ ಎಳೆದು ಮೇಣದ ಬತ್ತಿ ಹಚ್ಚಲಾಯಿತು. ನಾಲ್ಕು ಹೊಡೆಯಿತು. ಬರ್ನಾರ್ಡ್ ನಾಟಕದ ರಾಜನ ಗತ್ತಿನಲ್ಲಿ ಸಲಾಕೆ ಎತ್ತಿದ.

"ಲವೀನಿಯಾ! ಇದ್ದೀಯಾ?"

ಟಕ್, ಟಕ್, ಟಕ್.

ಉತ್ತರವಿಲ್ಲ. ಒಂದು ನಿಮಿಷವಾಯಿತು. ಯಾರೋ ಕೆಮ್ಮಿದರು. ಮಿಸೆಸ್ ಫಾಸಿಟ್ ಕೈಗಡಿಯಾರ ನೋಡಿಕೊಂಡರು. ಒಂಬತ್ತು ವರ್ಷ ಏಣಿ ಹಿಡಿದದ್ದೆಲ್ಲ ನೀರುಪಾಲಾಯಿತೆಂದುಕೊಂಡು ಅವನು ಮತ್ತೆ ಮೂರು ಸಲ ಬಡಿದ.

ಆಗ ಗೋಡೆಗೆ ಹುಚ್ಚು ಹಿಡಿಯಿತು! ಟಕ್‌ಟಕ್‌ಟಕ್‌ಟಕ್, ಎಡೆಬಿಡದೆ. ನಡುವೆ ಏನನ್ನೋ ಎಳೆದಂತೆ ಕರಕರ ಸದ್ದು. ಅದರ ಹಿಂದೆಯೇ, ಹೊಗೆಗೂಡಿನ ಕತ್ತಲಿನಿಂದ ಸೋಸಿಕೊಂಡು ಬಂದಂತೆ, ಹೆಣ್ಣು ದನಿಯ ಉದ್ದನೆಯ ನರಳಾಟ. ಮೇಣದ ಬತ್ತಿ ಓಲಾಡಿತು. ಇಪ್ಪತ್ತೆರಡು ಜನರಿಗೂ ಮೈ ಜುಮ್ಮೆಂದಿತು. ಸದ್ದು ನಿಂತಿತು.

ಮರುಗಳಿಗೆ ಚಪ್ಪಾಳೆಯೋ ಚಪ್ಪಾಳೆ!

"ಭೇಷ್!" ಮಿಸೆಸ್ ಫಾಸಿಟ್ ಎದ್ದೇ ನಿಂತರು. "ಫಲಕ ನಿಮ್ದೇ ಬರ್ನಾರ್ಡ್! ಇನ್ನೊಂದು ಸಲ ಮಾಡ್ಸಿ!"

ಬರ್ನಾರ್ಡ್ ಬಾಗಿ ನಮಿಸಿ ಇನ್ನೊಂದು ಸಲ ಬಡಿದ. ಗೋಡೆ ಮತ್ತೆ ಬಡಬಡಿಸಿತು, ಈ ಸಲ ಮೆಲ್ಲಗೆ. ಮತ್ತೆ ಚಪ್ಪಾಳೆ.

ಹಿಂದೆ ಬಾಗಿಲ ಬಳಿ ನಿಂತಿದ್ದ ಮುದುಕರೊಬ್ಬರು ಮಾತ್ರ ಕೈ ತಟ್ಟಲಿಲ್ಲ. ಅವರು ವಾಲ್ಟರ್, ಗಿರಣಿ ಕೆಲಸಗಾರರ ಮನೆಸಾಲಿನಲ್ಲಿ ಹುಟ್ಟಿ ಬೆಳೆದವರು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಅಲ್ರಪ್ಪಾ, ಇದೇನು ಆಟ? ನಮ್ಮಮ್ಮ ಹೀಗೇ ಬಡೀತಿದ್ಲು. ಫೋನಿಲ್ಲದ ಕಾಲ. ಅಗ್ಗಿಷ್ಟಿಕೆ ಹಿಂದೆ ಮೂರು ಸಲ ತಟ್ಟಿದ್ರೆ 'ಚೆನ್ನಾಗಿದ್ದೀಯಾ' ಅಂತ ಪಕ್ಕದ ಮನೆಗೆ ಕೇಳೋದು. ಎರಡು ತಟ್ಟಿದ್ರೆ 'ಚೆನ್ನಾಗಿದ್ದೀನಿ' ಅಂತ."

"ಬಿಡದೆ ತಟ್ಟಿದ್ರೆ?" ಗ್ಲೆನಿಸ್ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"'ಎಲ್ಲಾ ಬಿಟ್ಟು ಓಡಿ ಬಾ' ಅಂತ. ನನ್ನ ತಮ್ಮ ಹುಟ್ಟುವಾಗ ಅಮ್ಮ ಹಾಗೆ ತಟ್ಟಿದ್ದು ನಂಗೆ ಈಗ್ಲೂ ಕಿವೀಲಿದೆ." ವಾಲ್ಟರ್ ಸುತ್ತ ನೋಡಿದರು. "ಆ ಕಡೆ ಯಾರಿದಾರೆ?"

"ಯಾರೂ ಇಲ್ಲ. ಮಿಸ್ ಆಕ್ರಾಯ್ಡ್ ಊರಿಗೆ..." ಎಂದ ಬರ್ನಾರ್ಡ್.

"ಬೆಲ್ ಒತ್ತಿ ನೋಡಿದ್ರಾ?"

ಇತಿಹಾಸ ಸಂಘದ ಕಾರ್ಯದರ್ಶಿ ಕೈಯಲ್ಲಿದ್ದ ಸಲಾಕೆಯನ್ನು ನೋಡಿದ. ಗುಮಾಸ್ತರ, ಗಿರಣಿಯವರ ಸುದ್ದಿಯೆಲ್ಲ ಏನು ಇತಿಹಾಸ ಎಂದು ಅವನು ಇಂಥದ್ದನ್ನೆಲ್ಲ ಯಾರನ್ನೂ ಕೇಳಿರಲೇ ಇಲ್ಲ. ಈ ಸಲದ ಭಯದಲ್ಲಿ ಹೆಮ್ಮೆಯ ಸುಳಿವೂ ಇರಲಿಲ್ಲ.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವನು ಆ ಬೆಲ್ ಒತ್ತಿದ, ಮೂರು ಬೆರಳಲ್ಲಿ ಒಟ್ಟಿಗೆ. ಹಳೇ ತಲೆಮಾರಿನವರು ಕೀಲಿ ಎಲ್ಲಿಡುತ್ತಾರೆಂದು ಬಲ್ಲ ವಾಲ್ಟರ್ ಹೂಕುಂಡದ ಕೆಳಗೆ ಕೈ ಹಾಕಿದರು. ಕೀಲಿ ಅಲ್ಲೇ ಇತ್ತು. ಪರದೆ ಮುಚ್ಚಿದ ಕೋಣೆ ಕತ್ತಲೋ ಕತ್ತಲು. ನುಗ್ಗಿದವರಿಗೆ ಕಂಡದ್ದು: ಅಗ್ಗಿಷ್ಟಿಕೆಯ ಬಳಿ ನೆಲದಲ್ಲಿ ಬಿಳಿ ನಿಲುವಂಗಿಯ ಒಂದು ಆಕೃತಿ, ಕೆದರಿದ ಬಿಳಿ ಕೂದಲು, ಮಸಿ ಮೆತ್ತಿದ ಮುಖ, ಒಂದು ಕಣ್ಣಿಗೆ ಬಿಳಿ ಪಟ್ಟಿ, ಕೈಯಲ್ಲಿ ಕಬ್ಬಿಣದ ಸಲಾಕೆ. ಮಿಸೆಸ್ ಫಾಸಿಟ್ ಕಿಟಾರನೆ ಕಿರುಚಿ ವಾಲ್ಟರ್ ಅವರ ತೋಳಿಗೆ ಜೋತುಬಿದ್ದರು.

"ಕಿರುಚೋದು ಆಮೇಲೆ, ಮೊದಲು ನನ್ನ ಕಾಲ ಮೇಲಿರೋ ಈ ಬೀರು ಎತ್ತಿ!" ಎಂದಿತು ಆಕೃತಿ.

ಮಿಸ್ ಆಕ್ರಾಯ್ಡ್! ಎಂಬತ್ತಮೂರು ವರ್ಷ, ಮೂವತ್ತೈದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ಹೋದ ವಾರ ಶುಕ್ರವಾರ ಹೋದದ್ದು ಕಣ್ಣಿನ ಪೊರೆ ತೆಗೆಸಲು, ಬಂದದ್ದು ಮರುದಿನವೇ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಪರದೆ ಮುಚ್ಚಿದ್ದರು. ಕಸದ ಡಬ್ಬ ಎಳೆಯಲು ವೈದ್ಯರು ಬಿಟ್ಟಿರಲಿಲ್ಲ. ಈ ದಿನ ಮಧ್ಯಾಹ್ನ ಮೂರೂವರೆಗೆ ಒಂದೇ ಕಣ್ಣಲ್ಲಿ ಪುಸ್ತಕ ಹುಡುಕಲು ಹೋಗಿ ಬೀರುವನ್ನೇ ಮೈಮೇಲೆ ಎಳೆದುಕೊಂಡಿದ್ದರು. ಆರು ಜನ ಸೇರಿ ಅದನ್ನು ಎತ್ತಿದರು. ಕಾಲು ಊದಿಕೊಂಡಿತ್ತು. ಗ್ಲೆನಿಸ್ ಆಂಬುಲೆನ್ಸಿಗೆ ಫೋನ್ ಮಾಡಿ, ಅವರ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು, ಹೇಳದೆ ಕೇಳದೆ ಅತ್ತುಬಿಟ್ಟಳು.

ಬರ್ನಾರ್ಡ್ ಕೈಕೈ ಹಿಸುಕಿಕೊಂಡ. "ಕ್ಷಮಿಸಿ ಮಿಸ್ ಆಕ್ರಾಯ್ಡ್... ನಾನು... ನೀವು ಅಂತ..."

ಮಿಸ್ ಆಕ್ರಾಯ್ಡ್ ತೆರೆದಿದ್ದ ಒಂದೇ ಕಣ್ಣಿನಿಂದ ಅವನನ್ನೂ, ಅವನ ಬೆನ್ನ ಹಿಂದೆ ಕರಪತ್ರ ಹಿಡಿದು ನಿಂತಿದ್ದವರನ್ನೂ ಹಾಜರಿ ತೆಗೆದುಕೊಳ್ಳುವಂತೆ ನೋಡಿದರು.

"ಎಷ್ಟು ಒಳ್ಳೇ ಮನುಷ್ಯ ಅಂದ್ಕೊಂಡಿದ್ದೆ ಮಿಸ್ಟರ್ ಹೆಪ್‌ವರ್ತ್! ಗುರುವಾರ ನಿಮ್ಮ ಸದ್ದಿಲ್ಲ ಅಂತ ನಾನೇ ಗಾಬರಿಯಾಗಿ ತಟ್ಟಿದ್ದೆ. ಅದೊಂದು ದಿನ ಬಿಟ್ರೆ ದಿನಾ ನಾಲ್ಕು ಗಂಟೆಗೆ 'ಚೆನ್ನಾಗಿದ್ದೀರಾ' ಅಂತ ಕೇಳಿದ್ರಿ, 'ಚೆನ್ನಾಗಿದ್ದೀನಿ' ಅಂದೆ. ಇವತ್ತೊಂದು ದಿನ 'ಇಲ್ಲಪ್ಪಾ, ಸಾಯ್ತಾ ಇದೀನಿ' ಅಂದೆ. ನೀವು ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಹೇಳಿ ಅಂದ್ರಿ!"