ಮೊಟ್ಟೆಯ ಪಕ್ಕ ನಿಂತು ಗುಂಡು ಮಾರುವ ಯಂತ್ರಕ್ಕೆ ಮೂರು ದಿನಗಳ ಮನವಿ

ಮಾನ್ಯ ಯಂತ್ರ ಮಹೋದಯರೇ,

ಲಂಡನ್ನಿನ ಹೌನ್ಸ್ಲೋದಿಂದ, ಎರಡು ನಿಮಿಷಕ್ಕೊಮ್ಮೆ ವಿಮಾನವೊಂದು ತಲೆಯ ಮೇಲೆ ಹಾದು ಡಬರಿಗಳನ್ನೆಲ್ಲ ಅಲುಗಿಸುವ ಅಡಿಗೆಮನೆಯಿಂದ, ಮೂಲತಃ ಧಾರವಾಡದವಳೂ ಈಗ ನಿವೃತ್ತ ವೈದ್ಯೆಯೂ ಆದ ಪ್ರಭಾ ಮಾಡುವ ಅನೇಕ ನಮಸ್ಕಾರಗಳು. ನಾವಿಲ್ಲಿ ಕ್ಷೇಮ, ಕರೆಂಟ್ ಹೋಗದಿದ್ದರೆ ತಾವೂ ಕ್ಷೇಮವೆಂದು ಭಾವಿಸುತ್ತೇನೆ. ಅಟ್ಲಾಂಟಿಕ್ ಸಾಗರದ ಆಚೆ, ನನ್ನ ಅಣ್ಣ ಅಮೃತಪ್ಪನ ಊರಿನ ಕಿರಾಣಿ ಅಂಗಡಿಯಲ್ಲಿ, ಮೊಟ್ಟೆಯ ಕಪಾಟಿಗೂ ಹಾಲಿನ ಕಪಾಟಿಗೂ ನಡುವೆ ನಿಂತು, ಹಗಲಿರುಳೂ ಪಿಸ್ತೂಲಿನ ಗುಂಡುಗಳನ್ನು ಮಾರುವ ಘನಕಾರ್ಯದಲ್ಲಿ ತಾವು ತೊಡಗಿರುವಿರೆಂದು ತಿಳಿದು, ತಮ್ಮ ಅಮೂಲ್ಯ ಸಮಯವನ್ನು ತುಸು ಬೇಡಲು ಈ ಪತ್ರ ಬರೆಯುತ್ತಿದ್ದೇನೆ.

ತಮ್ಮ ರಾಜ್ಯದ ಶಾಸಕರಿಗೇ ಬರೆಯಬೇಕಿತ್ತಲ್ಲವೇ ಎಂದು ತಾವು ಕೇಳಬಹುದು. ಬರೆದೆ. ನೀವು ನಮ್ಮ ಮತದಾರರಲ್ಲ, ಆದರೂ ನಿಮ್ಮ ಕಾಳಜಿ ನಮಗೆ ಮುಖ್ಯ ಎಂಬ ಉತ್ತರ ಹತ್ತು ಸೆಕೆಂಡಿನಲ್ಲಿ ತಾನಾಗಿಯೇ ಬಂತು. ಅಲ್ಲಿ ಕೂತು ಉತ್ತರಿಸುವುದೂ ಯಂತ್ರವೇ ಆದಮೇಲೆ ಮಧ್ಯವರ್ತಿಗಳೇಕೆ, ನೇರವಾಗಿ ತಮಗೇ ಬರೆದರಾಯಿತು ಎಂದುಕೊಂಡೆ.

ಪಿಸ್ತೂಲಿನ ಗುಂಡು ಕೊಳ್ಳುವವರು ಮನುಷ್ಯರಿರುವ ಕೌಂಟರಿಗೇ ಬರಬೇಕು, ಕೇಳಿದ ಮೇಲೆ ಮೂರು ದಿನ ಕಾಯಬೇಕು ಎಂಬ ಮಸೂದೆಯೊಂದು ತಮ್ಮ ಶಾಸನಸಭೆಯಲ್ಲಿ ಚರ್ಚೆಗೆ ಬಂದಿರುವುದು ತಮಗೆ ಗೊತ್ತೇ ಇದೆ. ಅದು ಪಾಸಾದರೆ ಮೊದಲು ಕೆಲಸ ಹೋಗುವುದು ತಮ್ಮದೇ. ಮೊಣಕಾಲಿಗೆ ಬಿಸಿನೀರಿನ ಚೀಲ ಕಟ್ಟಿಕೊಂಡು ಇಡೀ ಚರ್ಚೆಯನ್ನು ಲ್ಯಾಪ್‌ಟಾಪಿನಲ್ಲಿ ನೋಡಿದೆ. ಪ್ರಾಮಾಣಿಕ ಪ್ರಜೆಯೊಬ್ಬನನ್ನು ಮೂರು ದಿನ ಕಾಯಿಸುವುದು ಅವನಿಗೆ ಮಾಡುವ ಅವಮಾನ ಎಂದು ಒಬ್ಬ ಮಾನ್ಯ ಸದಸ್ಯರು ಮೇಜು ಗುದ್ದಿ ಹೇಳಿದಾಗ ನಾನೂ ಇಲ್ಲಿಂದಲೇ ತಲೆಯಾಡಿಸಿದೆ, ಏಕೆಂದರೆ ಅವರು ಹೇಳಿದ ಪ್ರಾಮಾಣಿಕ ಪ್ರಜೆ ನನ್ನ ಅಣ್ಣನೇ. ಮೂವತ್ತೈದು ವರ್ಷ ಆ ರಾಜ್ಯದ ಸೇತುವೆಗಳನ್ನು ಕಟ್ಟಿದವನು, ಖಾಲಿ ರಸ್ತೆಯಲ್ಲೂ ಕೆಂಪು ದೀಪಕ್ಕೆ ನಿಲ್ಲುವವನು, ಗ್ರಂಥಾಲಯದ ಪುಸ್ತಕವನ್ನು ಒಂದು ದಿನ ಮೊದಲೇ ಹಿಂದಿರುಗಿಸುವವನು. ಇಂಥವನನ್ನು ಕಾಯಿಸುವುದೇ?

ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಗೆ ಕಳ್ಳರು ನುಗ್ಗಿದ್ದರಿಂದ ಅಣ್ಣ ಒಂದು ಪಿಸ್ತೂಲು ತಂದ. ಆ ದಿನವೇ ನಮ್ಮ ಅತ್ತಿಗೆ ನೀರಜಾ ಅಡಿಗೆಮನೆಯಲ್ಲಿ ಕಾನೂನೊಂದನ್ನು ಜಾರಿಗೆ ತಂದಳು. "ಪಿಸ್ತೂಲು ಇದ್ರ ಇರ್ಲಿ, ಗುಂಡು ಮಾತ್ರ ಈ ಹೊಸ್ತಿಲಾ ದಾಟಿ ಒಳಗ ಬರಬಾರದು." ಸಮಿತಿಯಿಲ್ಲ, ತಿದ್ದುಪಡಿಯಿಲ್ಲ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. ಪಿಸ್ತೂಲು ಶಾವಿಗೆ ಒತ್ತುವ ಒರಳಿನ ಡಬ್ಬಿಯಲ್ಲಿ ಹನ್ನೊಂದು ವರ್ಷ ಗುಂಡಿಲ್ಲದೆ ಮಲಗಿತ್ತು. ತಮ್ಮ ರಾಜ್ಯದಲ್ಲಿ ಗುಂಡಿನ ಮೇಲೆ ಇಷ್ಟು ಸಮರ್ಥವಾದ ನಿರ್ಬಂಧ ಬೇರೆ ಯಾರೂ ಹೇರಿರಲಾರರು. ಕಳೆದ ದೀಪಾವಳಿಗೆ ನೀರಜಾ ತೀರಿಕೊಂಡಳು, ಕಾನೂನೂ ಅವಳೊಂದಿಗೇ ಹೋಯಿತು.

ಅಂದಿನಿಂದ ದಿನಾ ನನ್ನ ಮಧ್ಯಾಹ್ನಕ್ಕೆ, ಅವನ ಬೆಳಗಿಗೆ, ಫೋನ್ ಮಾಡುತ್ತೇನೆ. ಕಳೆದ ವಾರ ಅಣ್ಣ ಮೊಟ್ಟೆ ತರಲು ಹೋಗಿ ತಮ್ಮ ದರ್ಶನ ಮಾಡಿಕೊಂಡು ಬಂದಿದ್ದ. ಲೈಸೆನ್ಸು ತೋರಿಸಿ ಮುಖ ತೋರಿಸಿದರೆ ಒಂದೂವರೆ ನಿಮಿಷದಲ್ಲಿ ಡಬ್ಬಿ ಕೆಳಗೆ ಬೀಳುತ್ತದಂತೆ. "ಭಾಳ ಛಲೋ ಸೋಯಿ ಮಾಡ್ಯಾರ ನೋಡು ಪ್ರಭಾ, ಯಾರ ಜೋಡೀನೂ ಮಾತಾಡೋದು ಬೇಕಾಗಿಲ್ಲ" ಎಂದ. ಅದೇ ಉಸಿರಿನಲ್ಲಿ, ನೀರಜಾಳ ಇಳಕಲ್ ಸೀರೆಗಳನ್ನು ಯಾರಿಗೆ ಕೊಡಲಿ, ತನ್ನ ತಂಬೂರಿಯನ್ನು ನನಗೇ ಕಳಿಸಿಬಿಡಲೇ ಎಂದೂ ಕೇಳಿದ.

ಮಹೋದಯರೇ, ಇರುವುದನ್ನೆಲ್ಲ ಹಂಚಲು ಹೊರಟವರ ದನಿ ಹೇಗಿರುತ್ತದೆಂದು ನನ್ನ ಕ್ಲಿನಿಕ್ಕಿನಲ್ಲಿ ನೂರಾರು ಸಲ ಕೇಳಿದ್ದೇನೆ. ಆದ್ದರಿಂದ ರೋಗಿಗಳಿಗೆ ಕೇಳುತ್ತಿದ್ದುದನ್ನು ಅಣ್ಣನಿಗೂ ನೇರವಾಗಿಯೇ ಕೇಳಿದೆ: ಜೀವ ಬ್ಯಾಡ ಅನಸ್ತದೇನು? "ಹುಚ್ಚಿ" ಎಂದು ನಕ್ಕು, ಅಲ್ಲಿಯ ಹವೆಯ ಬಗ್ಗೆ ಮಾತಾಡಿದ. ಪಿಸ್ತೂಲನ್ನು ಪೊಲೀಸರಿಗೆ ಕೊಟ್ಟುಬಿಡು ಎಂದರೆ ಹೂಂ ಎಂದ, ಡಾಕ್ಟರರನ್ನು ಕಾಣು ಎಂದರೂ ಹೂಂ ಎಂದ. ಅವನ ಹೂಂ ಎಷ್ಟು ಗಟ್ಟಿಯೆಂದು ಅರವತ್ತು ವರ್ಷದಿಂದ ಬಲ್ಲೆ. ನನಗೆ ಹೆದರಿಕೆಯಾಗಿದೆ.

ಹೆದರಿಕೆಗೆ ತಲೆನೋವೂ ಸೇರಿ, ನನ್ನ ಯಜಮಾನರು ಮಲ್ಲಪ್ಪನವರಿಗೆ ಜ್ವರವೂ ಬಂದದ್ದರಿಂದ, ಮರುದಿನ ಇಲ್ಲಿಯ ಅಂಗಡಿಗೆ ಹೋಗಿ ಪ್ಯಾರಾಸಿಟಮಾಲ್‌ನ ಮೂರು ಪ್ಯಾಕೆಟ್ ಕೇಳಿದೆ. ತಮ್ಮ ಉದಾರ ರಾಜ್ಯದಲ್ಲಿ ಹುಟ್ಟುವ ಭಾಗ್ಯವಿಲ್ಲದ ಕೌಂಟರಿನ ಹುಡುಗಿ, "ಸಾರಿ ಡಾರ್ಲಿಂಗ್, ಎರಡೇ" ಎಂದಳು. ನಲವತ್ತು ವರ್ಷ ಈ ದೇಶಕ್ಕೆ ಔಷಧ ಬರೆದುಕೊಟ್ಟ ಡಾಕ್ಟರು ನಾನು ಎಂದೆ. ಆದರೂ ಎರಡೇ ಎಂದಳು. ಕೆಟ್ಟ ಗಳಿಗೆಯಲ್ಲಿ ಯಾರೂ ಜೀವಕ್ಕೆ ಅಪಾಯ ತಂದುಕೊಳ್ಳದಿರಲೆಂದು ಇಲ್ಲಿ ಒಬ್ಬರಿಗೆ ಎರಡೇ ಪ್ಯಾಕೆಟ್ ಕೊಡುವ ನಿಯಮ. ನನ್ನ ಸಿಟ್ಟು ನೆತ್ತಿಗೇರಿ ನಾನು ಧಾರವಾಡದ ಪೇಟೆಯ ದನಿ ತೆಗೆದಾಗ, ಹಿಂದೆ ಏಳು ಜನ ಸಾಲಿನಲ್ಲಿದ್ದರೂ ಅವಳು ನನ್ನ ಮುಖ ನೋಡಿ, "ಆರ್ ಯು ಆಲ್‌ರೈಟ್?" ಎಂದು ಕೇಳಿದಳು. ಎಂಥ ಅಧಿಕಪ್ರಸಂಗಿ ಎಂದು ಬೈದುಕೊಂಡು ಹೊರಬಂದೆ. ಬಸ್ ಸ್ಟಾಪಿನಲ್ಲಿ ಕೂತ ಮೇಲೆ, ಆ ಒಂದು ಮಾತನ್ನು ನನ್ನ ಅಣ್ಣನ ಮುಖ ನೋಡಿ ಕೇಳುವವರು ಅವನ ಊರಿನಲ್ಲಿ ಒಬ್ಬರೂ ಇಲ್ಲವೆಂಬುದು ಹೊಳೆಯಿತು. ನಾಚಿಕೆಯಿಲ್ಲದೆ ಅತ್ತೆ, ನನ್ನ ಬಸ್ಸೂ ಹೋಯಿತು.

ಮನೆಗೆ ಬಂದವಳೇ ಅಣ್ಣನಲ್ಲಿಗೆ ಹೊರಡಲು ಪ್ರವೇಶಾನುಮತಿಯ ಅರ್ಜಿ ತುಂಬುತ್ತ ಕೂತೆ. ತಮ್ಮ ದೇಶ ನನ್ನಂಥವಳನ್ನು ಹಾಗೆಲ್ಲ ಒಳಗೆ ಬಿಡುವಷ್ಟು ಎಚ್ಚರಗೇಡಿಯಲ್ಲವೆಂಬುದು ಸಂತೋಷದ ವಿಷಯ. ನೀವು ಭಯೋತ್ಪಾದಕರೇ, ಯಾವುದಾದರೂ ಸರಕಾರವನ್ನು ಉರುಳಿಸುವ ಉದ್ದೇಶವಿದೆಯೇ ಮುಂತಾಗಿ ಅರ್ಜಿಯಲ್ಲಿ ಸವಿನಯವಾಗಿ ಕೇಳಿದ್ದರು. ಅರವತ್ತೇಳು ವರ್ಷದ, ಎರಡೂ ಮೊಣಕಾಲು ಸವೆದ, ಚೀಲದಲ್ಲಿ ಶೇಂಗಾ ಚಟ್ನಿಪುಡಿ ಹೊತ್ತ ಹೆಂಗಸು ನಾನು ಎಂದು ಬರೆಯಲು ಜಾಗವಿರಲಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ, ಮೂರು ದಿನ ಹಿಡಿಯಬಹುದು ಎಂದು ತಿಳಿಸಿದ್ದಾರೆ. ಅಣ್ಣನಿಗೆ ಬಿಸಿ ರೊಟ್ಟಿ ಬಡಿದು ಹಾಕಲು ಹೊರಟವಳು ಅಪಾಯವೋ ಅಲ್ಲವೋ ಎಂದು ತಿಳಿಯಲು ಮೂರು ದಿನ, ಅವನಿಗೆ ಗುಂಡು ಕೊಡಲು ಒಂದೂವರೆ ನಿಮಿಷ. ಎರಡರಲ್ಲಿ ಯಾವುದು ಹೆಚ್ಚು ಅಪಾಯವೆಂದು ದೊಡ್ಡವರು ಲೆಕ್ಕ ಹಾಕಿಯೇ ಇಟ್ಟಿರಬೇಕು, ನಾನಾರು ಕೇಳಲು.

ಆದ್ದರಿಂದ ನನ್ನ ಸಣ್ಣ ಬೇಡಿಕೆಗಳನ್ನು ದಯವಿಟ್ಟು ಮನ್ನಿಸಬೇಕು. ನರೆತ ಮೀಸೆಯ, ತೋಳಿನಲ್ಲಿ ತೂತಿರುವ ನೀಲಿ ಸ್ವೆಟರಿನ ಮನುಷ್ಯ ತಮ್ಮ ಮುಂದೆ ಬಂದು ನಿಂತರೆ, ಕೆಟ್ಟುಹೋದಂತೆ ನಟಿಸಿ. ಅದು ಸ್ವಭಾವಕ್ಕೆ ಒಗ್ಗದಿದ್ದರೆ, ಅವನ ಮುಖವನ್ನು ಸ್ಕ್ಯಾನ್ ಮಾಡುವಾಗ ಸ್ವಲ್ಪ ನೋಡಿಯೂ ಬಿಡಿ. ಊಟ ಆತೇನಪಾ ಎಂದು ಕೇಳಿ. ಹೂಂ ಎಂದರೆ ನಂಬದೆ, ಏನು ಉಂಡಿ ಎಂದು ಕೇಳಿ. ಆಗಲೂ ಹೋಗದಿದ್ದರೆ ಸೇತುವೆಯ ಸುದ್ದಿ ತೆಗೆಯಿರಿ, ಕನಿಷ್ಠ ಎರಡು ಗಂಟೆ ನಿಲ್ಲುತ್ತಾನೆ. ಇಂಥ ಕೆಟ್ಟ ಗಳಿಗೆಯನ್ನು ಹೇಗೋ ದಾಟಿಸಿಬಿಟ್ಟರೆ, ಮನುಷ್ಯ ಮರುದಿನ ಚಹಾಕ್ಕೆ ಸಕ್ಕರೆ ಕಡಿಮೆಯಾಯಿತೆಂದು ಜಗಳ ತೆಗೆಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದೊಂದೂ ತಮ್ಮಿಂದಾಗದಿದ್ದರೆ, ಮೂರು ದಿನ ಕಾಯಿಸಿ. ಅವನಿಗೆ ಆಗುವ ಅವಮಾನವನ್ನು ನಾನು ಬಂದು ಸಮಾಧಾನ ಮಾಡುತ್ತೇನೆ. ಅವನು ನನ್ನ ಮೇಲೆ ರೇಗಲು ಬದುಕಿದ್ದರೆ ನನಗೆ ಅಷ್ಟೇ ಸಾಕು.

ಬೇರೆ ಯಾರ ಮೇಲೂ ಇಡಲು ಉಳಿದಿಲ್ಲವಾದ್ದರಿಂದ ಯಂತ್ರದ ಮೇಲೆ ವಿಶ್ವಾಸವಿಟ್ಟಿರುವ,

ತಮ್ಮ ವಿಶ್ವಾಸಿ,
ಡಾ. ಪ್ರಭಾ
ಹೌನ್ಸ್ಲೋ, ಲಂಡನ್

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಶಾಸನಸಭೆಯ ತೀರ್ಮಾನ ಬಂದಿದೆ. ಇಷ್ಟು ಗಂಭೀರ ವಿಷಯದಲ್ಲಿ ಅವಸರ ಸಲ್ಲದು, ತಣ್ಣಗೆ ಕೂತು ಯೋಚಿಸಲು ಸಮಯ ಬೇಕು ಎಂದು ಮಾನ್ಯ ಸದಸ್ಯರು ಮತದಾನವನ್ನು ಮೂರು ತಿಂಗಳು ಮುಂದೂಡಿದ್ದಾರೆ. ತಣ್ಣಗೆ ಕೂತು ಯೋಚಿಸಲು ನನ್ನ ಅಣ್ಣನಿಗೆ ಮೂರು ದಿನ ಕೊಟ್ಟರೆ ಅದು ಅವಮಾನವೆಂದವರೂ ಅವರೇ.