ಚಾಕೊಲೇಟ್ ಬಣ್ಣ

ಎದುರಿನ ಸೆಲೂನಿನವನು ಕಾಯುವ ಗಿರಾಕಿಗಳಿಗೆ ಚಾಕೊಲೇಟ್ ಮಾಲ್ಟ್ ಪುಡಿ ಬೆರೆಸಿದ ಬಿಸಿಹಾಲು ಕೊಡಲು ಶುರುಮಾಡಿದ್ದೇ ತಡ, ನಮ್ಮ ಸೆಲೂನಿನವನ ಹೊಟ್ಟೆಗೆ ಬೆಂಕಿ ಬಿತ್ತು. ನೆಟ್ಟಗೆ ಕತ್ತರಿ ಹಿಡಿಯಲು ಬಾರದವನ ಬೆಂಚು ತುಂಬಿತ್ತು, ಇವನು ನೊಣ ಹೊಡೆಯುತ್ತಿದ್ದ. ಇಪ್ಪತ್ತು ವರ್ಷದಿಂದ ಬರುತ್ತಿದ್ದ ಹೆಡ್‌ಮಾಸ್ತರರೊಬ್ಬರೇ ಉಳಿದಿದ್ದರು. ಅವರೂ ಹೋದರೆ ಅಂಗಡಿಗೆ ಬೀಗವೇ ಗತಿ. ಸಾಲದ್ದಕ್ಕೆ ಇವನ ಹೆಂಡತಿ ಎದ್ದರೆ ಕೂತರೆ ಎದುರಿನವನನ್ನೇ ಹೊಗಳುತ್ತಿದ್ದಳು.

ಒಂದು ದಿನ ಇವನೂ ಅದೇ ಪುಡಿ ತಂದ. ನಕಲು ಮಾಡಿದ ಅಂತ ಯಾರೂ ಅನ್ನಬಾರದಲ್ಲ, ಅದಕ್ಕೆ ಸ್ಟೀಲ್ ಡಬ್ಬಿಗೆ ಸುರಿದಿಟ್ಟ. ಪಕ್ಕದಲ್ಲೇ ತಲೆಗೆ ಹಚ್ಚುವ ಬಣ್ಣದ ಪುಡಿ. ಅದೂ ಕಂದು, ಅದರದೂ ಸ್ಟೀಲ್ ಡಬ್ಬಿ.

ಹೆಡ್‌ಮಾಸ್ತರರು ಬಣ್ಣ ಹಚ್ಚಿಸಿಕೊಳ್ಳಲು ಬಂದು ಕೂತರು. ಇವನ ಕಣ್ಣೆಲ್ಲ ಎದುರಿನ ಬೆಂಚಿನ ಮೇಲೆ. ಅಲ್ಲಿ ಎಷ್ಟು ತಲೆ ಅಂತ ಎಣಿಸುತ್ತಲೇ ಬಟ್ಟಲಲ್ಲಿ ಪುಡಿ ಕಲಸಿದ, ಹಚ್ಚಿದ. ಇನ್ನೊಂದು ಡಬ್ಬಿಯಿಂದ ಎರಡು ಚಮಚ ಹಾಲಿಗೆ ಹಾಕಿ ಲೋಟ ಕೈಗಿತ್ತ.

"ಬಣ್ಣ ಎಷ್ಟು ಘಮಘಮ ಅಂತಿದೆಯಯ್ಯ!" ಅಂದರು ಹೆಡ್‌ಮಾಸ್ತರರು.

ಇವನು ಗಕ್ಕನೆ ತಿರುಗಿ ನೋಡಿದ. ಘಮ ಇರುವುದು ತಲೆಯಲ್ಲಾದರೆ ಲೋಟದಲ್ಲಿರುವುದೇನು? ಅವರು ತುಟಿಗೆ ತಾಗಿಸುವಷ್ಟರಲ್ಲಿ ಹಾರಿ ಲೋಟ ಕಿತ್ತುಕೊಂಡ. ನಿಜ ಹೇಳೋಣವೆಂದರೆ ತಲೆಯ ವಿಷಯವೂ ಹೇಳಬೇಕು. ಲೋಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

"ಅವನು ಗುರುತಿಲ್ಲದವರಿಗೂ ಲೋಟ ತುಂಬ ಕೊಡ್ತಾನೆ. ನೀನು ಕೊಟ್ಟು ಕಿತ್ಕೊಳ್ತೀಯಲ್ಲೋ," ಅಂದವರೇ ಹೆಡ್‌ಮಾಸ್ತರರು ಹಚ್ಚಿದ ತಲೆಯಲ್ಲೇ, ಕೊರಳಿನ ಟವೆಲಿನ ಸಮೇತ ರಸ್ತೆ ದಾಟಿ ಎದುರಿನ ಸೆಲೂನಿಗೆ ನಡೆದರು. ಇವನು ಬಾಗಿಲಲ್ಲಿ ನಿಂತು ಕೈ ಕೈ ಹಿಸುಕಿಕೊಂಡ. ಆದರೂ ಒಳಗೊಳಗೇ ಒಂದು ಸಮಾಧಾನ: ತೊಳೆದರೆ ಬಿಳಿ ಕೂದಲು ಹಾಗೇ ಇರುತ್ತೆ, ಬೈಗುಳ ತಿನ್ನುವವನು ಅವನು.

ಸಂಜೆಯಾದರೂ ಬೈಗುಳ ಕೇಳಲಿಲ್ಲ. ಬದಲಿಗೆ ಬೆಂಚಿನ ಸಾಲು ಬೀದಿಗೆ ಬಂತು. ಏನಾಯಿತೆಂದು ನೋಡಿಬರಲು ಹೆಂಡತಿಯನ್ನು ಕಳಿಸಿದ. ಅವಳು ಮುಖ ಅರಳಿಸಿಕೊಂಡು ಬಂದಳು. ತೊಳೆದ ಮೇಲೆ ಹೆಡ್‌ಮಾಸ್ತರರ ಕೂದಲು ಬೆಳ್ಳಗೆ ರೇಷ್ಮೆಯ ಹಾಗೆ ಮಿರಮಿರ ಅಂತಿದೆಯಂತೆ, ಇನ್ನು ಈ ಜನ್ಮದಲ್ಲಿ ಬಣ್ಣ ಬೇಡ ಅಂದರಂತೆ. ಎದುರಿನವನು ತಲೆ ತೊಳೆಯುವಾಗ ಬೆರಳಿಗೆ ಅಂಟಿದ್ದನ್ನು ನೆಕ್ಕಿ ನೋಡಿದವನೇ 'ಚಾಕೊಲೇಟ್ ತಲೆಸ್ನಾನ' ಅಂತ ಬೋರ್ಡ್ ಹಾಕಿದನಂತೆ.

"ಅದು ನಾನು ಮಾಡಿದ್ದು ಕಣೇ," ಅಂದ ಇವನು, ಅಳುವುದೊಂದು ಬಾಕಿ.

ಅವಳು ಸೆರಗಿನಿಂದ ನಗು ಮುಚ್ಚಿಕೊಂಡಳು. "ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವೇನ್ರೀ? ಸುಮ್ನೆ ಹೋಗಿ ಸಾಲಲ್ಲಿ ನಿಂತ್ಕೊಳ್ಳಿ. ಹೇಗೆ ಮಾಡ್ತಾರೆ ಅಂತ ನೋಡಿ ಕಲಿತಾದ್ರೂ ಬನ್ನಿ."