ಮೂರು ಬಿಲ್ಲು, ಒಂದು ಗ್ಯಾಲರಿ

ಬೇರೆ ಬೇರೆ ಬಗೆಯ ಬಿಲ್ಲುಗಳಲ್ಲಿ ಅಭ್ಯಾಸ ಮಾಡಿದರೆ ಒಟ್ಟಾರೆ ಗುರಿ ಸುಧಾರಿಸುತ್ತದೆ ಎಂಬ ಸಿದ್ಧಾಂತವನ್ನು ನನ್ನ ತಲೆಗೆ ಯಾರು ಹಾಕಿದರೋ ನೆನಪಿಲ್ಲ. ನಾನೇ ಇರಬೇಕು. ಇಷ್ಟು ಧೈರ್ಯದ ತಪ್ಪು ಬೇರೆಯವರಿಂದ ಸಾಧ್ಯವಿಲ್ಲ!

ಹೀಗಾಗಿ ಹಡಪಸರದ ನಮ್ಮ ಫ್ಲ್ಯಾಟಿನ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಬಿದಿರಿನ ಬಿಲ್ಲು, ತುದಿ ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು, ಗಾಲಿಗಳಿರುವ ಕಾಂಪೌಂಡ್ ಬಿಲ್ಲು ಸಕುಟುಂಬವಾಗಿ ಆಗಮಿಸಿದವು.

“ಏನ್ರಿ ಇದು? ಮೆಣಸಿನಕಾಯಿ ಎಲ್ಲಿ ಒಣಗಸ್ಲಿ? ನಿಮ್ಮ ತಲಿ ಮ್ಯಾಲ?” ಎಂದಳು ಹೆಂಡತಿ ಸುಮಾ.

“ಭಾನುವಾರ ನಮ್ಮ ಬಿಲ್ಲಿನ ಕ್ಲಬ್ಬಿನ್ಯಾಗ ಸ್ಪರ್ಧಾ ಅದ. ಒಂದ ಬಾಣ ಬೋರ್ಡಿನ ನಡುವಿನ ಹಳದಿಗೆ ಬಿತ್ತಂದ್ರ ಬಿಲ್ಲು ಇಲ್ಲೇ ಇರ್ತಾವ. ಇಲ್ಲಂದ್ರ ಗ್ಯಾಲರಿ ನಿಂದು.”

“ಮಾತು ತಪ್ಪಬ್ಯಾಡ್ರಿ ಮತ್ತ!”

ಭಾನುವಾರ ಸುಮಾ ಖುದ್ದಾಗಿ ಬಂದು ಮುಂದಿನ ಕುರ್ಚಿಯಲ್ಲಿ ಕೂತಳು. ಬಿಲ್ಲಿಗೊಂದರಂತೆ ಮೂರು ಬಾಣ ಬಿಡುವುದೆಂದು ನಾನು ಘೋಷಿಸಿದೆ.

ಮೊದಲು ರಿಕರ್ವ್. ಕಾಂಪೌಂಡ್ ಬಿಲ್ಲು ಪೂರ್ತಿ ಎಳೆದ ಮೇಲೆ ಹಗುರಾಗುತ್ತದೆ. ಇದೂ ಆಗಲಿ ಎಂದು ಕಾದೆ. ಆಗಲಿಲ್ಲ. ಕೈ ಮಿಕ್ಸರಿನಂತೆ ನಡುಗಿ, ಬಾಣ ಹುಲ್ಲಿಗೆ ಬಿತ್ತು.

ಎರಡನೆಯದು ಕಾಂಪೌಂಡ್. ಇದರಲ್ಲಿ ಮಣಿಕಟ್ಟಿಗೆ ಕಟ್ಟಿ ಹೆದೆಗೆ ಸಿಕ್ಕಿಸುವ ಕೊಕ್ಕೆಯ ಗುಂಡಿ ಒತ್ತಿದರೇ ಬಾಣ ಹೊರಡುವುದು. ನಾನು ಬಿದಿರಿನ ಅಭ್ಯಾಸದಂತೆ ಬೆರಳು ಬಿಚ್ಚಿದೆ. ಬಾಣ ಅಲ್ಲಾಡಲಿಲ್ಲ! ಗುಂಡಿ ಎಲ್ಲಿ ಎಂದು ತಡಕಾಡುವಾಗ ಅದು ತಾನೇ ಒತ್ತಿಕೊಂಡಿತು. ಬಾಣ ಬೋರ್ಡಿನ ಮೇಲಿಂದ ಹಾರಿ ಹಿಂದಿನ ಬಲೆಗೆ.

ಕೊನೆಗೆ ಬಿದಿರು. ಗುರಿ ನೋಡುವ ಸಾಧನ ಇದರಲ್ಲಿಲ್ಲ. ಆದರೂ ರಿಕರ್ವಿನ ರೂಢಿಯಿಂದ ಒಂದು ಕಣ್ಣು ಮುಚ್ಚಿ ಅದನ್ನೇ ಹುಡುಕುತ್ತ ಬಾಣ ಬಿಟ್ಟೆ.

ಠಪ್! ನಟ್ಟ ನಡುವೆ, ಹಳದಿಗೆ!

ನಾನು ಬಿಲ್ಲೆತ್ತಿ ಕುಣಿದೆ. ತರಬೇತಿ ಕೊಡುವ ಹುಡುಗಿ ಮರಾಠಿಯಲ್ಲಿ ಕೂಗಿದಳು: “ಕಾಕಾ, ಬೋರ್ಡ್ ಶೇಜಾರಚಾ ಆಹೆ!”

ಅದು ಪಕ್ಕದವರ ಬೋರ್ಡು. ನಿಯಮದ ಪ್ರಕಾರ ಸೊನ್ನೆ.

“ಹಳದಿಗೆ ಬಿತ್ತಲ್ಲ!” ಎಂದು ವಾದಿಸಿದೆ.

“ಹೌದ್ರಿ. ಮಂದಿ ಹಳದಿಗೆ,” ಎಂದಳು ಸುಮಾ.

“ಮೂರು ಬಿಲ್ಲಿನಿಂದ ಏನೂ ಸುಧಾರಿಸಲಿಲ್ಲ ಅಂತೀಯೇನು?”

“ಭಾಳ ಸುಧಾರಿಸೇದ. ಮೊದಲ ಒಂದ ರೀತಿ ತಪ್ಪತಿದ್ರಿ, ಈಗ ಮೂರ್ ರೀತಿ ತಪ್ಪತೀರಿ!”

ಅಂದಿನ ಡೈರಿಯಲ್ಲಿ ‘ಜೋರು ಗಾಳಿ ಇತ್ತು’ ಎಂದು ಬರೆದಿದ್ದೇನೆ. ಫೋಟೋದಲ್ಲಿ ಕ್ಲಬ್ಬಿನ ಬಾವುಟ ಮಾತ್ರ ಒದ್ದೆ ಟವೆಲಿನಂತೆ ಜೋತು ಬಿದ್ದಿದೆ. ಯಾವುದನ್ನು ನಂಬಲಿ?

ಎರಡು ಬಿಲ್ಲು ಕ್ಲಬ್ಬಿನಲ್ಲೇ ಉಳಿದವು. ಬಿದಿರಿನದನ್ನು ಸುಮಾ ಗ್ಯಾಲರಿಯಲ್ಲಿ ಅಡ್ಡ ಕಟ್ಟಿಸಿ, ಹೆದೆಗೆ ಮಸಾಲೆ ತುಂಬಿದ ಮೆಣಸಿನಕಾಯಿ ಪೋಣಿಸಿದ್ದಾಳೆ. ಇದುವರೆಗೆ ಒಂದೂ ಕೆಳಗೆ ಬಿದ್ದಿಲ್ಲ.

ಆ ಬಿಲ್ಲಿನಿಂದ ಆದ ಮೊದಲ ಸರಿಯಾದ ಕೆಲಸ ಅದು!